ಮುಚ್ಚಿದ ಕಿಟಕಿ

ರಾದೋಸಾವ್,

ಬೀನ್ಸ್ ಕಾಳಿನ ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನು. ಕೋಳಿಗಳಿಗೆ ಜೋಳ ಹಾಕು.

ಇನ್ನೊಂದು ಮಾತು. ಎದುರಿಗೆ ಕೇಳಿದ್ರೆ ನೀನು ಕೋಟು ಹಾಕ್ಕೊಂಡು ಎದ್ದು ಹೋಗ್ತೀಯ, ಅದಕ್ಕೇ ಬರೀತಿದ್ದೀನಿ.

ಹೋದ ಚಳಿಗಾಲವಿಡೀ ನೀನು ಮೈಯೆಲ್ಲ ಉರಿ ಅಂತ ಹಿಮ ಬೀಳ್ತಿದ್ರೂ ಕಿಟಕಿ ತೆಗೀತಿದ್ದೆ. ಬಾಗಿಲಿಗೂ ಕಿಟಕಿಗೂ ಗಾಳಿ ಆಡಿದ್ರೆ ಕುತ್ತಿಗೆ ಹಿಡಿಯುತ್ತೆ ಅಂತ ನಾನು ದಿನಾ ಜಗಳ ಆಡ್ತಿದ್ದೆ. ಈ ಚಳಿಗಾಲದಲ್ಲಿ ನೀನು ಒಂದು ದಿನವೂ ಕಿಟಕಿ ಮುಟ್ಟಿಲ್ಲ. ಕೊನೆಗೂ ನನ್ನ ಮಾತು ಕೇಳಿದ ಅಂತ ಖುಷಿಪಟ್ಟೆ. ಆಮೇಲೆ ಹೊಳೀತು: ನಲವತ್ತು ವರ್ಷದಲ್ಲಿ ನೀನು ನನ್ನ ಮಾತು ಯಾವಾಗ ಕೇಳಿದ್ದೀಯ ಮಾರಾಯ?

ಆ ಉರಿ ಬರ್ತಿದ್ದದ್ದು ಆಸ್ಪತ್ರೇಲಿ ಕೊಡೋ ಕ್ಯಾನ್ಸರ್ ಇಂಜೆಕ್ಷನ್ನಿಂದ. ಉರಿ ನಿಂತಿದೆ ಅಂದ್ರೆ ಇಂಜೆಕ್ಷನ್ನೂ ನಿಂತಿದೆ. ಬೇಸಿಗೇಲಿ ಆಸ್ಪತ್ರೆಗೆ ಅಂತ ಹೋದೋನು ಪ್ಲಮ್ ಬ್ರಾಂದಿ ವಾಸನೆ ಹೊತ್ತು ಬಂದೆ. ಹೆಂಡದಂಗಡೀಲಿ ನಿನ್ನ ಗೆಳೆಯ ಬೊಗೊಲ್ಯುಬ್ ಏನಂದ? ಇಂಜೆಕ್ಷನ್ ತಗೊಂಡ್ರೆ ಗಂಡಸುತನ ಹೋಗುತ್ತೆ ಅಂದ್ನಾ?

ಡಾಕ್ಟರ್ ಹೇಳಿದ್ದು ಮರೆತ್ಯಾ? ಗಂಡಸಿನ ಹಾರ್ಮೋನೇ ನಿನ್ನ ಪ್ರಾಸ್ಟೇಟ್ ಕ್ಯಾನ್ಸರಿಗೆ ಮೇವು, ಅದನ್ನ ತಡೆಯೋಕೇ ಆ ಇಂಜೆಕ್ಷನ್. ಮೇವು ಸಿಕ್ಕಿದ್ರೆ ಸೊಂಟದ ಮೂಳೆಗೆ ಬಂದಿರೋದು ಬೆನ್ನಿಗೂ ಹತ್ತುತ್ತೆ.

ನಾನು ಆಸ್ಪತ್ರೆಗೆ ಹೊರಟಿದ್ದೀನಿ, ನರ್ಸ್ ಹತ್ರ ಕೇಳಿಕೊಂಡು ಬರ್ತೀನಿ. ನನ್ನ ಅನುಮಾನ ಸುಳ್ಳಾದ್ರೆ ಬೈದುಬಿಡು. ನಿಜವಾದ್ರೆ ನಾಳೆ ಬೆಳಗಿನ ಬಸ್ಸಿಗೆ ನನ್ನ ಜೊತೆ ಹೊರಡು.

ನಮ್ಮ ಮಂಚಾನ ಕಿಟಕಿ ಕೆಳಗೆ ಎಳೆದಿಟ್ಟಿದ್ದೀನಿ. ಮತ್ತೆ ಉರಿ ಬಂದ್ರೆ ಕಿಟಕಿ ತೆಗಿ, ಕುತ್ತಿಗೆ ಹಿಡಿಯೋದಾದ್ರೆ ಇಬ್ಬರದ್ದೂ ಹಿಡೀಲಿ.

ಲ್ಯುಬಿಂಕಾ