ಚುಕ್ಕಿಯ ಸೋಮವಾರ

ಮಂಗಳವಾರ, ೧೧ ನವೆಂಬರ್

ಬೆಳಿಗ್ಗೆ ನಾಯಿಯ ಬೆನ್ನು ಸವರಿದರೆ ಮತ್ತೆ ಹಿಡಿ ಕೂದಲು ಕೈಗೆ ಬಂತು. ಎರಡು ತಿಂಗಳಿಂದ ಹೊಂಗೆ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು. ಶಾಲೆಗೆ ಅರ್ಧ ದಿನ ರಜೆ ಹಾಕಿ ಚುಕ್ಕಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಮೊದಲು ಊಟ ಕೇಳಿದರು. ಹಾಲನ್ನ, ಮೊಸರನ್ನ, ಸೋಮವಾರ ನಮ್ಮ ಜೊತೆ ಅದಕ್ಕೂ ಒಪ್ಪತ್ತು ಎಂದೆ.

"ನಾಯಿಗೂ ಸೋಮವಾರನಾ ಮೇಡಂ?"

ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹೊಟ್ಟೆಗೆ ಸಾಲದೆ ಕೂದಲು ಉದುರುತ್ತಿದೆ, ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡಿ ಎಂದರು.

ಕ್ಯಾತ್ಸಂದ್ರದ ಹೈವೇ ಹೋಟೆಲಿನಲ್ಲಿ ಬೇಯಿಸಿದ್ದೇ ಒಂದು ಕೊಂಡು, ಕದ್ದ ಮಾಲಿನ ಹಾಗೆ ಬ್ಯಾಗಿನಲ್ಲಿಟ್ಟು ತಂದೆ. ನಮ್ಮ ಮನೆಗೆ ಮೊಟ್ಟೆ ಬಂದಿದ್ದು ಇದೇ ಮೊದಲು. ಹಿತ್ತಲಲ್ಲಿ ಸುಲಿಯುತ್ತಿದ್ದಾಗ ಅತ್ತೆ ಸಂಜೆಯ ಪೂಜೆಗೆ ಪತ್ರೆ ಕೊಯ್ಯಲು ಬಂದರು. ಕೈ ಹಿಂದೆ ಮಾಡಿದೆ, ವಾಸನೆಯನ್ನು ಎಲ್ಲಿ ಬಚ್ಚಿಡಲಿ? ಎಲ್ಲಾ ಹೇಳಿದೆ.

ಅತ್ತೆ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಚುಕ್ಕಿಯನ್ನೇ ನೋಡಿದರು. "ಲಿಂಗ ಕಟ್ಕೊಂಡಿರೋರು ನಾವು ಕಣಮ್ಮ. ಅದು ಕಟ್ಕೊಂಡೈತಾ? ಹಾಕು. ತಟ್ಟೆ ಮಾತ್ರ ಒಳಕ್ಕೆ ತರ್ಬೇಡ."

ಚುಕ್ಕಿ ಎರಡೇ ಬಾಯಿಗೆ ಮುಗಿಸಿ, ಮಣ್ಣಿಗೆ ಬಿದ್ದ ಹಳದಿಯ ಚೂರನ್ನೂ ನೆಕ್ಕಿತು. ಅತ್ತೆ ಮುಖ ತಿರುಗಿಸಿಕೊಂಡಿದ್ದರು, ಆದರೆ ಅಲ್ಲಿಂದ ಹೋಗಲಿಲ್ಲ.

ನಿದ್ದೆ ಬರುತ್ತಿಲ್ಲ. ನಾಲ್ಕು ವರ್ಷ, ಪ್ರತಿ ಸೋಮವಾರ ಸಂಜೆ, ಅದು ಅಡುಗೆಮನೆಯ ಹೊಸಿಲಿಗೆ ತಲೆಯಿಟ್ಟು ಮಲಗಿರುತ್ತಿತ್ತು. ಬಂದವರಿಗೆಲ್ಲ ತೋರಿಸುತ್ತಿದ್ದೆವು, ನೋಡಿ, ಇದಕ್ಕೂ ಎಷ್ಟು ಭಕ್ತಿ ಅಂತ.