ಸೋತವರ ಮನೆಯ ಉಪ್ಪಿಟ್ಟು

ಜೂನ್ 2, 1937. ಬುಧವಾರ

ಇವತ್ತೂ ಸೊಣ್ಣಮ್ಮನೇ ಸೋತಳು. ಶನಿವಾರದ ಆಟ ಮತ್ತೆ ಅವಳ ಮನೆಯಲ್ಲೇ. ನನ್ನ ಪಾಲಿಗೆ ರವೆ, ಅಂಗಡಿ ಅಮ್ಮಾಜಮ್ಮನಿಗೆ ಎಣ್ಣೆ-ಬೇಳೆ, ಮುತ್ಯಾಲಮ್ಮನಿಗೆ ಕಾಫಿಪುಡಿ-ಬೆಲ್ಲ. ಸೋತವಳು ಮನೆ, ಒಲೆ, ಸೌದೆ ಕೊಡಬೇಕು. ಉಳಿದವರು ಸಾಮಾನು ಹೊರಬೇಕು. ಮಿಕ್ಕಿದ್ದೆಲ್ಲ ಆ ಮನೆಗೇ. ಮೊದಲ ದಿನವೇ ನಾಲ್ವರೂ ಕೂತು ಮಾಡಿಕೊಂಡ ಕಟ್ಟು. ಕಾಸಿನ ಮಾತು ಬೇಡವೇ ಬೇಡ ಅಂತ ಹುಣಸೆಬೀಜ ಇಟ್ಟು ಆಡುತ್ತೇವೆ.

ಆಟ ಕಲಿಸಿದ್ದು ಮುತ್ಯಾಲಮ್ಮ. ಗಣಿ ದೊರೆಗಳ ಬಂಗಲೆಯಲ್ಲಿ ಆಯಾ. ದೊರೆಗಳು ಆಡುವಾಗ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನೋಡಿ ನೋಡಿ ಕಲಿತಳಂತೆ. ಪೋಕರ್ ಅಂತ ಇಸ್ಪೀಟಾಟ. ಐದೈದು ಎಲೆ. ಒಂದೇ ತರದ್ದು ಎರಡು ಬಂದರೆ ಜೋಡಿ, ಮೂರು ಬಂದರೆ ಇನ್ನೂ ಜೋರು. ಎಲೆ ಸರಿಯಿಲ್ಲ ಅನ್ನಿಸಿದರೆ ಬೋರಲು ಹಾಕಿ ಬಿಟ್ಟುಕೊಡಬಹುದು. ಬೋರಲು ಹಾಕಿದ್ದನ್ನು ಯಾರೂ ತಿರುಗಿಸಿ ನೋಡಕೂಡದು. ಯಾರ ಬೀಜ ಮೊದಲು ಖಾಲಿಯೋ ಅವರು ಸೋತಂತೆ. ದೊರೆಗಳು ತುಟಿ ಬಿಚ್ಚದೆ ಆಡುತ್ತಾರಂತೆ. ನಮ್ಮಲ್ಲಿ ತುಟಿ ಮುಚ್ಚಿದರೆ ತಾನೆ!

ಜೂನ್ 5, ಶನಿವಾರ. ಸಂಜೆ

ಬರೆಯದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ಮಾರಿಕುಪ್ಪಂ ಸ್ಟೇಷನ್ ಹಿಂದಿನ ಸೊಣ್ಣಮ್ಮನ ಒಂದಂಕಣದ ಮನೆ. ಉಪ್ಪಿಟ್ಟು, ಕಾಫಿ. ಆಟ ಮುಗಿಯುವ ಹೊತ್ತು. ಅಮ್ಮಾಜಮ್ಮ ಒಂದು ಹಿಡಿ ಬೀಜ ಮುಂದಕ್ಕೆ ತಳ್ಳಿದಳು. ಸೊಣ್ಣಮ್ಮ ತನ್ನ ಎಲೆ ನೋಡಿ, “ನನ್ ಕೈಲಾಗಲ್ಲ ಬುಡಕ್ಕಾ” ಅಂತ ಬೋರಲು ಹಾಕಿದಳು. ಅಮ್ಮಾಜಮ್ಮನ ಹತ್ತಿರ ಇದ್ದದ್ದು ಬರೀ ಆರರ ಜೋಡಿ. ಸೊಣ್ಣಮ್ಮ ಆಗಲೇ ಇಟ್ಟಿದ್ದ ಕೊನೆಯ ಬೀಜಗಳೂ ಹೋಗಿ ಖಾಲಿ. ಮತ್ತೆ ಸೋಲು.

ಎಲೆ ಕೂಡಿಸುವ ಕೆಲಸ ನನ್ನದು. ನೋಡಕೂಡದು, ಗೊತ್ತು. ನೋಡಿದೆ. ಮೂರು ರಾಜ!

ಮೂರು ರಾಜ ಕೈಯಲ್ಲಿ ಹಿಡಿದು ಯಾರಾದರೂ ಬಿಟ್ಟುಕೊಡುತ್ತಾರಾ? ಆಟ ತಿಳಿಯದವಳಲ್ಲ. ನಮ್ಮೆಲ್ಲರಿಗಿಂತ ಬೇಗ ಕಲಿತವಳು. ಹಾಗಾದರೆ ಯಾಕೆ?

ಜೂನ್ 6

ಇವರಿಗೆ ಹೇಳಿದೆ. “ಊರ ಉಸಾಬರಿ ನಿನಗ್ಯಾಕೆ? ಕಣ್ಣು ತಪ್ಪಿರಬೇಕು” ಅಂದು ಪೇಪರು ಹಿಡಿದರು. ನನ್ನ ಕಣ್ಣು ತಪ್ಪುತ್ತಾ? ಎದುರು ಸಾಲಿನ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದರೆ ಯಾವ ಸಾರು ಅಂತ ಹೇಳುವವಳು ನಾನು.

ಸೊಣ್ಣಮ್ಮ ಈ ಕಡೆ ಬಂದು ವರ್ಷವೂ ಆಗಿಲ್ಲ. ಗಂಡ ವೆಂಕಟೇಶಪ್ಪನಿಗೆ ಇಲ್ಲೇ ನಂದಿದುರ್ಗ ಚಿನ್ನದ ಗಣಿಯಲ್ಲಿ ಕಂಟ್ರಾಕ್ಟರ್ ಕೈಕೆಳಗೆ ಕೆಲಸ. ಎರಡು ಮಕ್ಕಳು. ತವರಿನ ಮಾತೆತ್ತಿದರೆ “ಅದೇನಕ್ಕಾ, ಅಳ್ಳಿ” ಅಂದು ನಗುತ್ತಾಳೆ, ಯಾವ ಹಳ್ಳಿಯೋ. ಗೊತ್ತಿರುವುದು ಇಷ್ಟೇ. ಅಮ್ಮಾಜಮ್ಮನನ್ನು ಓಲೈಸುತ್ತಿದ್ದಾಳಾ? ಅಂಗಡಿಯವಳು, ಸಾಲಕ್ಕೆ ಬೇಕಾಗುತ್ತೆ ಅಂತ? ಅಥವಾ ಬೇರೆ ಏನೋ...

ಜೂನ್ 9, ಬುಧವಾರ

ಇವತ್ತು ಎಲೆ ಬಿಟ್ಟು ಅವಳನ್ನೇ ನೋಡಿದೆ. ಒಳ್ಳೆ ಎಲೆ ಬಂದಾಗ ಅವಳ ಮುಖ ಬಾಡುತ್ತದೆ! ಕೆಟ್ಟದ್ದು ಬಂದರೆ ಧಾರಾಳವಾಗಿ ಬೀಜ ಸುರಿಯುತ್ತಾಳೆ. ಬೇಕಂತಲೇ ಸೋಲುತ್ತಿದ್ದಾಳೆ, ಅನುಮಾನವೇ ಇಲ್ಲ. ಇವತ್ತೂ ಸೋತಳು.

ಇಷ್ಟರಲ್ಲಿ ಅಮ್ಮಾಜಮ್ಮ ಬೇರೆ ರಾಗ ಎತ್ತಿದಳು. “ಏನ್ರಮ್ಮಾ, ನಮ್ಮಂಗಡಿ ಎಣ್ಣೆ ಪುಕ್ಕಟೆ ಬತ್ತದಾ? ದಿನಾ ಒಂದೇ ಮನೇಗೆ ಮಿಗ್ತಾ ಐತೆ. ಇನ್ಮೇಲೆ ಮಿಕ್ಕಿದ್ದು ಪಾಲು ಮಾಡಿ ಅವರವರ ಮನೇಗೆ ತಗೊಂಡೋಗಾನ.”

ಮುತ್ಯಾಲಮ್ಮ, “ಅದೂ ಸರೀನೇ” ಅಂದಳು. ನಾನೂ ಹೂಂ ಅಂದೆ. ನ್ಯಾಯವಾಗಿಯೇ ಕಂಡಿತು. ಶನಿವಾರ ಗಟ್ಟಿ ಮಾಡುವುದು ಅಂತಾಯಿತು. ಸೊಣ್ಣಮ್ಮ ಲೋಟ ತೊಳೆಯಲು ಎದ್ದು ಹೋದಳು. ನಾಲ್ಕು ಲೋಟಕ್ಕೆ ಅಷ್ಟು ಹೊತ್ತಾ?

ಜೂನ್ 11, ಶುಕ್ರವಾರ

ಬಂಗಾರಪೇಟೆಗೆ ಹೋಗಿದ್ದೆ, ಅತ್ತೆಗೆ ಲೇಹ್ಯ ತರಲು. ರೈಲಿಳಿದರೆ — ಪ್ಲಾಟ್‌ಫಾರಂ ಕೊನೆಯಲ್ಲಿ ವೆಂಕಟೇಶಪ್ಪ. ತಲೆ ಮೇಲೆ ಕಡಲೆಕಾಯಿ ಮೂಟೆ. ಈ ಹೊತ್ತಿನಲ್ಲಿ ಗಣಿಯೊಳಗೆ ಇರಬೇಕಾದವನು!

ನನ್ನ ನೋಡಿ ಮುಖ ತಿರುಗಿಸಿದ. ನಾನು ಬಿಡುವವಳಾ, ಹತ್ತಿರ ಹೋದೆ. ಮೂಟೆ ಇಳಿಸಿ ಟವೆಲ್‌ನಿಂದ ಮುಖ ಒರೆಸಿಕೊಂಡ.

“ಉಗಾದಿ ಆದ್ಮೇಲೆ ಕೆಲಸ ಓಯ್ತಕ್ಕಾ. ಇಲ್ಲಿ ಒಂದಿನ ಮೂಟೆ ಸಿಗ್ತದೆ, ಒಂದಿನ ಇಲ್ಲ. ಸೊಣ್ಣಿ ಯಾರ್ಗೂ ಏಳಿಲ್ಲ, ಬೆಳಿಗ್ಗೆ ಕ್ಯಾರಿಯರ್ ಕೊಟ್ಟು ಕಳಿಸ್ತಾಳೆ, ಕೆಲಸಕ್ಕೆ ಓದಂಗೆ. ಒಳಗೇನೂ ಇರಲ್ಲ. ನೀವೂ ಏಳ್ಬ್ಯಾಡಿ.”

ಹೇಳಲ್ಲ ಅಂದೆ.

“ನೀವೆಲ್ಲಾ ನಮ್ಮನೇಗೆ ಆಟಕ್ಕೆ ಬರೋ ದಿನ ಮಕ್ಳು ಒಟ್ಟೆ ತುಂಬಾ ತಿಂತವೆ. ಮಾರ್ನೇ ದಿನ್ಕೂ ಮಿಗ್ತದೆ. ನಿಮ್ ಪುಣ್ಯ ಅಕ್ಕಾ.”

ಮೂರು ರಾಜರು ಎಲ್ಲಿಗೆ ಹೋದರು ಅಂತ ಆಗ ತಿಳಿಯಿತು. ಅದೇ ಉಪ್ಪಿಟ್ಟನ್ನು ಪಾಲು ಹಾಕೋಣ ಅಂದದ್ದಕ್ಕೆ ನಾನು ಹೂಂ ಅಂದು ಬಂದಿದ್ದೇನೆ! ಲೇಹ್ಯ ಮರೆತೇ ಬಂದೆ. ಅತ್ತೆಯ ಹತ್ತಿರ ಬೈಸಿಕೊಂಡೆ. ಬೈಯಲಿ.

ಏನು ಮಾಡಲಿ? ನಿಜ ಹೇಳಿದರೆ ಅವಳು ನಮ್ಮ ಮುಖ ನೋಡಲ್ಲ, ಆಟಕ್ಕೂ ಬರಲ್ಲ. ರವೆ ಕಳಿಸಿದರೆ ವಾಪಸ್ಸು ಬರುತ್ತದೆ. ಅಂಥ ಹೆಂಗಸು. ಹೇಳದಿದ್ದರೆ ನಾಳೆ ಅಮ್ಮಾಜಮ್ಮ ಡಬ್ಬಿ ಹಿಡಿದೇ ಬರುತ್ತಾಳೆ.

ಜೂನ್ 12, ಶನಿವಾರ

ಹಾಗೇ ಆಯಿತು. ಡಬ್ಬಿ ತಂದಿದ್ದಳು, ದೊಡ್ಡದು. ಆಟ ಮುಗಿಯಿತು. ಅರ್ಧ ಪಾತ್ರೆ ಉಪ್ಪಿಟ್ಟು ಮಿಕ್ಕಿತ್ತು. ಬಾಗಿಲಲ್ಲಿ ಮಕ್ಕಳಿಬ್ಬರು ನಿಂತು ಪಾತ್ರೆಯನ್ನೇ ನೋಡುತ್ತಿದ್ದವು. ಅಮ್ಮಾಜಮ್ಮ ಸೌಟು ಕೈಗೆ ತಗೊಂಡಳು.

“ಅಯ್ಯಯ್ಯೋ, ಬೇಡಿ!” ಅಂತ ಕೂಗಿಬಿಟ್ಟೆ. ಮುಂದೇನು ಹೇಳಬೇಕೋ ನನಗೇ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಇದು: “ಸೋತ ಮನೆ ಒಲೆ ಮೇಲೆ ಬೆಂದದ್ದು ಹೊಸ್ತಿಲು ದಾಟಬಾರದು ಕಣ್ರೀ. ತಗೊಂಡು ಹೋದವರ ಹಿಂದೆ ಸೋಲೂ ಹೋಗುತ್ತೆ. ನಮ್ಮಜ್ಜಿ ಹೇಳೋರು. ಅವರ ಕಡೆ ಇದು ದೊಡ್ಡ ಶಾಸ್ತ್ರ.”

“ಯಾವ ಕಡೆ?” ಅಮ್ಮಾಜಮ್ಮ ಬಿಡಲಿಲ್ಲ.

“ಕಾಮಸಮುದ್ರ” ಅಂದೆ. ಅಜ್ಜಿ ಕಾಮಸಮುದ್ರ ಕನಸಲ್ಲೂ ಕಂಡವಳಲ್ಲ. ಯಾಕೆ ಆ ಹೆಸರು ಬಂತೋ ದೇವರಿಗೇ ಗೊತ್ತು. “ಒಬ್ಬ ಅಂಗಡಿಯವನು ಕೇಳದೆ ಒಯ್ದನಂತೆ. ಆರು ತಿಂಗಳಿಗೆ ಅಂಗಡಿಗೆ ಬೀಗ.”

ಅಂಗಡಿ ಅಂದದ್ದೇ ತಡ, ಸೌಟು ಕೆಳಗೆ! “ಮೊದ್ಲೇ ಏಳಬಾರದಾ ಗಂಗಮ್ಮಾ!” ಅಂತ ನನಗೇ ಬೈದಳು. ಮುತ್ಯಾಲಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಸೊಣ್ಣಮ್ಮ ತಲೆ ತಗ್ಗಿಸಿ ಹುಣಸೆಬೀಜ ಆರಿಸುತ್ತಿದ್ದಳು. ಪಾಪ, ನಂಬಿದಳು. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಜುಲೈ 28, ಬುಧವಾರ

ಅತ್ತೆಗೆ ಜ್ವರ, ಬರೆಯಲು ಪುರಸೊತ್ತಿರಲಿಲ್ಲ. ಆಟ ಮಾತ್ರ ತಪ್ಪಿಸಿಲ್ಲ. ನಡೆಯುತ್ತಿರುವುದು ಸೊಣ್ಣಮ್ಮನ ಮನೆಯಲ್ಲೇ. ನನ್ನ ಪಾಲಿನ ರವೆ ಅಳೆಯುವಾಗ ಕೈ ಸ್ವಲ್ಪ ಜಾರುತ್ತದೆ.

ಒಂದು ತಮಾಷೆ. ನಲ್ಲಿ ಹತ್ತಿರ ಯಾರೋ ಹೇಳುತ್ತಿದ್ದರು, ಸೋತ ಮನೆಯ ಅಡುಗೆ ಹೊರಗೆ ಒಯ್ಯಬಾರದು, ಹಿಂದಿನಿಂದ ಬಂದ ಶಾಸ್ತ್ರ ಅಂತೆ! ನಾನೂ ಹೌದೌದು ಅಂದೆ.

ಆಗಸ್ಟ್ 14, ಶನಿವಾರ

ಇವತ್ತು ಸೊಣ್ಣಮ್ಮ ನಮ್ಮನ್ನೆಲ್ಲ ದೋಚಿದಳು! ಮುತ್ಯಾಲಮ್ಮನಿಗೇ ಬೆವರಿಳಿಯಿತು. ಕೈಯಲ್ಲಿ ಏನೂ ಇಲ್ಲದೆ, ಎಲ್ಲ ಇರುವವಳಂತೆ ಕೂತು, ಅಮ್ಮಾಜಮ್ಮ ಮುಂದಿಟ್ಟ ಬೀಜ ಅಷ್ಟೂ ಬಾಚಿಕೊಂಡಳು. ಈ ಕೈಯನ್ನು ಇಷ್ಟು ದಿನ ಹೇಗೆ ಕಟ್ಟಿಟ್ಟಿದ್ದಳೋ!

ಮತ್ತೆ ಎಲೆ ಹಂಚುತ್ತಾ ಸುಮ್ಮನೆ ಅಂದಳು, “ನಮ್ಮೋರಿಗೆ ಬಂಗಾರಪೇಟೆ ಗೂಡ್ಸ್ ಶೆಡ್ಡಲ್ಲಿ ಕಾಯಂ ಆಯ್ತು.” ಖುಷಿಯಾಯಿತು. ಎಷ್ಟು ಖುಷಿ ಅಂದರೆ ನನ್ನ ಬೀಜ ಮೊದಲು ಖಾಲಿಯಾದದ್ದೇ ಗೊತ್ತಾಗಲಿಲ್ಲ. ಬುಧವಾರ ನಮ್ಮ ಮನೆಯಲ್ಲಿ.

ಆಗಸ್ಟ್ 18, ಬುಧವಾರ. ಸಂಜೆ

ಸೊಣ್ಣಮ್ಮ ರವೆ ತಂದಿದ್ದಳು, ನಾನು ಒಯ್ಯುತ್ತಿದ್ದುದಕ್ಕಿಂತ ಜಾಸ್ತಿ. ಉಪ್ಪಿಟ್ಟು ರಾಶಿ ಮಿಕ್ಕಿತು. ಅವರಿಬ್ಬರೂ ಹೋದ ಮೇಲೆ ಒಂದು ಡಬ್ಬಿಗೆ ತುಂಬಿ, ಮಕ್ಕಳಿಗೆ ಅಂತ ಕೊಟ್ಟೆ.

“ಬ್ಯಾಡಕ್ಕಾ, ಒಸ್ತಿಲು ದಾಟಬಾರದಲ್ವಾ” ಅಂದಳು. ತುಟಿಯಂಚಲ್ಲಿ ನಗು. ಆಮೇಲೆ ಮೆಲ್ಲಗೆ, “ನನ್ ತವರು ಕಾಮಸಮುದ್ರ ಕಣಕ್ಕಾ. ಉಟ್ಟಿದ್ದೂ ಅಲ್ಲೇ, ಬೆಳೆದಿದ್ದೂ ಅಲ್ಲೇ. ಆ ಶಾಸ್ತ್ರ ನಮ್ಮೂರಾಗೆ ಯಾರೂ ಕೇಳಿಲ್ಲ.”

ನಿಂತಲ್ಲೇ ನಾಚಿಕೆಯಾಯಿತು. ಲೋಕದ ಪ್ರಶ್ನೆಯೆಲ್ಲ ಕೇಳುವವಳು, ಆ ಅಳ್ಳಿ ಯಾವುದು ಅಂತ ಒತ್ತಿ ಕೇಳಿರಲಿಲ್ಲವಲ್ಲ! “ಮತ್ತೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ?” ಅಂದೆ.

“ನೀವು ಬಾಯಿ ಬುಟ್ರಾ, ಮೂರು ರಾಜರ ಇಸ್ಯ?”

ಅದೂ ಗೊತ್ತಿತ್ತಾ!

“ನಿಮ್ ಮುಕದಾಗೇ ಎಲ್ಲಾ ಎಲೆ ಕಾಣಿಸ್ತವೆ ಅಕ್ಕಾ. ಅದಕ್ಕೇ ನೀವು ಗೆಲ್ಲಲ್ಲ.” ನನ್ನ ಕೈ ಹಿಡಿದಳು. ಕಣ್ಣು ತುಂಬಿಬಂತು. ಇಬ್ಬರಿಗೂ. ಡಬ್ಬಿ ತಗೊಳ್ಳಲೇ ಇಲ್ಲ, ಹಾಗೇ ಹೊರಟುಹೋದಳು.

ಗಣಿಯ ಸಂಗು ಕೂಗಿತು, ಪಾಳಿ ಬಿಡುವ ಸೈರನ್. ಇವರು ಬರುವ ಹೊತ್ತು. ಡಬ್ಬಿ ಇಲ್ಲೇ ಇದೆ, ಇನ್ನೂ ಬೆಚ್ಚಗಿದೆ. ಓಡಿದರೆ ಸ್ಟೇಷನ್ ದಾಟುವುದರೊಳಗೆ ಸಿಕ್ಕಾಳು, ಶಾಸ್ತ್ರ ಮಾಡಿದವಳು ನಾನೇ ತಾನೆ, ಮುರಿಯುವುದಕ್ಕೆ ಇನ್ಯಾರನ್ನು —