ಫೋನಿನಲ್ಲಿ ಕೇಳಿದ ದನಿ

ಮನೆಯ ಹಿಂದಿನ ಕೋಣೆಯಿಂದ,
ಭಾನುವಾರ, ಜೂನ್ ಎಂಟು

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಸೊಂಟನೋವು ಕಡಿಮೆಯಾಯಿತೇ? ಲಾರಿಯ ಸೀಟಿಗೆ ದಿಂಬು ಹಾಕಿಕೋ ಎಂದು ನಿನ್ನ ಅತ್ತಿಗೆ ಎಷ್ಟು ಸಲ ಹೇಳಿದ್ದಾಳೆ. ನೀನು ಹಾಕಿಕೊಂಡಿರುವುದಿಲ್ಲ, ನನಗೆ ಗೊತ್ತು. ನಾವಿಲ್ಲಿ ಕ್ಷೇಮ. ಅವಳಂತೂ ಮೊದಲಿಗಿಂತ ಹೆಚ್ಚು ಮಾತಾಡುತ್ತಾಳೆ; ಇಬ್ಬರ ಪಾಲಿನ ಮಾತನ್ನೂ ಒಬ್ಬಳೇ ಆಡಬೇಕಲ್ಲ, ಪಾಪ. ಹೂವಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿಕೊಂಡಿದ್ದ ಅಣ್ಣ ಈ ವಯಸ್ಸಿನಲ್ಲಿ ಪತ್ರ ಬರೆಯಲು ಕೂತಿದ್ದಾನೆಂದು ನಗಬೇಡ.

ಆಪರೇಷನ್ ಆದಾಗ ನೀನು ಲಾರಿ ಬಿಟ್ಟು ಓಡಿಬಂದು ನನ್ನ ಮಂಚದ ಪಕ್ಕದಲ್ಲೇ ಕೂತಿದ್ದೆ. ಆಮೇಲಿನದನ್ನು ಹೇಳುತ್ತೇನೆ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಕತ್ತಿನಲ್ಲಿ ಮಾಡಿದ ತೂತಿನಿಂದಲೇ ಉಸಿರಾಟ. ಅದರ ಮೇಲೊಂದು ತೆಳ್ಳನೆ ಬಟ್ಟೆ. ಈಗ ಮತ್ತೆ ಮಾರುಕಟ್ಟೆಗೆ ಹೋಗುತ್ತಿದ್ದೇನೆ. ಹರಾಜು ಬೇರೆಯವನು ಕೂಗುತ್ತಾನೆ, ನಾನು ತೂಕ ನೋಡುತ್ತೇನೆ. ಒಂದು ವಿಚಿತ್ರ ಕೇಳು. ಗಾಳಿ ಮೂಗಿನ ದಾರಿ ಬಿಟ್ಟಿರುವುದರಿಂದ ನನಗೆ ವಾಸನೆಯೇ ತಿಳಿಯುವುದಿಲ್ಲ. ಗುಲಾಬಿಯ ರಾಶಿಯ ನಡುವೆ ಕೂತಿದ್ದರೂ ಗಾಜಿನಾಚೆಯ ತೋಟ ನೋಡಿದ ಹಾಗೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಮಾತ್ರ ಎಲ್ಲ ತಿರುಗಿ ಬರುತ್ತದೆ. ಕನಸಿನಲ್ಲಿ ಮಾರುಕಟ್ಟೆಯ ಚಾವಣಿಯೇ ಇರುವುದಿಲ್ಲ, ಬುಟ್ಟಿಗಳೆಲ್ಲ ಬೆಳಕಿನಲ್ಲಿ ತೇಲುತ್ತಿರುತ್ತವೆ. ನಾನು ಒಂದೊಂದೇ ಹೂವನ್ನು ಹೆಸರು ಹಿಡಿದು ಕೂಗುತ್ತೇನೆ, ಕೂಗಿದ ಹೂವಿನ ಪರಿಮಳ ತಾನಾಗಿ ಬಂದು ಮುಖಕ್ಕೆ ತಾಗುತ್ತದೆ. ಏಳುವಾಗ ಬಾಯಿ ತೆರೆದೇ ಇರುತ್ತದೆ. ನಿನ್ನ ಅತ್ತಿಗೆ ನೋಡಿಯೂ ನೋಡದವಳಂತೆ ಬಟ್ಟೆ ಮಡಿಸುತ್ತಾಳೆ.

ಗಂಟಲು ಮೊದಲು ಒಡೆದಾಗ ನಾನೂ ನಕ್ಕವನೇ. ಬೆಳಗಾದರೆ ಕೂಗುವವನ ಗಂಟಲು ಒಡೆಯದೆ ಇನ್ನೇನು ಎಂದುಕೊಂಡೆ. ನುಂಗುವಾಗ ಏನೋ ಸಿಕ್ಕಿಕೊಂಡಂತೆ ಆಗುತ್ತಿತ್ತು, ಕಿವಿಯೊಳಗೆ ನೋವು. ಬಿಸಿನೀರು ಕುಡಿದು ಸುಮ್ಮನಾದೆ. ಕೊನೆಗೆ ಡಾಕ್ಟರಮ್ಮ ನೇರವಾಗಿ ಹೇಳಿದರು: "ಇದು ಗಂಟಲಿನ ಕ್ಯಾನ್ಸರ್, ಕೂಗಿದ್ದಕ್ಕೆ ಬಂದಿದ್ದಲ್ಲ. ಸಿಗರೇಟೂ ಸೇದಿದ್ದೀರಿ, ಕುಡಿದೂ ಇದ್ದೀರಿ. ಎರಡೂ ಸೇರಿದ್ರೆ ಕೂಡೋ ಲೆಕ್ಕ ಅಲ್ಲ, ಗುಣಿಸೋ ಲೆಕ್ಕ." ಹೊಗೆಸೊಪ್ಪು ಬಾಯಲ್ಲಿಟ್ಟುಕೊಳ್ಳುವವರಿಗೆ ಕೆನ್ನೆ, ನಾಲಿಗೆಗೂ ಬರುತ್ತದಂತೆ. ಪಕ್ಕದ ಮಂಚದಲ್ಲಿ ಒಬ್ಬ ಮೇಷ್ಟ್ರು ಇದ್ದರಲ್ಲ, ಅವರು ಸಿಗರೇಟು ಮುಟ್ಟಿದವರೇ ಅಲ್ಲ. ಅವರಿಗೆ ಯಾವುದೋ ವೈರಸ್ಸಿನಿಂದ ಬಂದಿತ್ತಂತೆ. ಹಾಗಾಗಿ ಯಾರಿಗೂ ಬರಬಹುದು. ಆದರೆ ನಮ್ಮಂಥವರು ಬಾಗಿಲು ತೆರೆದಿಟ್ಟು ಬಾ ಎಂದು ಕರೆದವರು.

ಈಗ ಮಂಗಳವಾರದ ವಿಷಯ. ಸಂಜೆ ನೀನು ಫೋನ್ ಮಾಡಿದಾಗ ನಾನೂ ಕೇಳಲೆಂದು ಅವಳು ಸ್ಪೀಕರ್ ಹಾಕಿದ್ದಳು. ನಿನ್ನ ದನಿ ಕೇಳಿ ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಗೋಣಿಚೀಲವನ್ನು ನೆಲದ ಮೇಲೆ ಎಳೆದ ಹಾಗಿತ್ತು. ಏನಾಯ್ತೋ ಎಂದು ಅವಳು ಕೇಳಿದ್ದಕ್ಕೆ ನೀನು, "ಕಿಟಕಿ ಗಾಳಿ ಅತ್ತಿಗೆ, ಹೋದ ತಿಂಗಳಿಂದ ಹೀಗೇ ಇದೆ, ಹೋಗತ್ತೆ ಬಿಡಿ" ಎಂದೆ. ನಾನು ಫೋನ್ ಕಿತ್ತುಕೊಂಡೆ. ನಿನ್ನ ಹೆಸರು ಹಿಡಿದು ಕೂಗಿದೆ ಕಣೋ, ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ. ಕತ್ತಿನ ಬಟ್ಟೆ ಅಲುಗಾಡಿತು, ಅಷ್ಟೇ. ಆ ಕಡೆಯಿಂದ ನೀನು, "ಅಣ್ಣಾ... ಅತ್ತಿಗೆ... ಯಾಕೋ ಸಿಗ್ನಲ್ ಹೋಯ್ತು" ಎಂದು ಇಟ್ಟುಬಿಟ್ಟೆ.

ಮಾರನೆಯ ದಿನ ಅವಳೇ ಫೋನ್ ಮಾಡಿ ಡಾಕ್ಟರಿಗೆ ತೋರಿಸು ಎಂದರೆ ನಕ್ಕುಬಿಟ್ಟೆಯಂತೆ. ನಗು, ಬೇಡವೆನ್ನುವುದಿಲ್ಲ. ಅದು ಬರೀ ಗಾಳಿಯೇ ಆಗಿರಲಿ, ನಾನು ಹೆದರಿದ್ದೇ ಸುಳ್ಳಾಗಲಿ. ಆದರೆ ಒಡೆದ ಗಂಟಲು ಮೂರು ವಾರ ದಾಟಿದರೆ ತೋರಿಸಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಬೇಗ ಸಿಕ್ಕರೆ ಎಷ್ಟೋ ಜನರಿಗೆ ದನಿಯನ್ನೂ ಉಳಿಸಬಹುದಂತೆ. ನಿದ್ದೆ ಬರದಿರಲಿ ಎಂದು ನೀನು ಹಚ್ಚುವ ಆ ಸಿಗರೇಟು, ಟ್ರಿಪ್ ಮುಗಿದ ಮೇಲಿನ ಆ ಬಾಟಲಿ, ಎರಡನ್ನೂ ಇವತ್ತೇ ಬಿಡು ರಾಜಾ.

ಅತ್ತಿಗೆ ಅಕ್ಕರೆ ಕಳಿಸಿದ್ದಾಳೆ. ನನ್ನ ಕೈ ಸದಾ ನಿನ್ನ ತಲೆಯ ಮೇಲಿದೆ.

ಇಂತಿ,
ನಿನ್ನ ಅಣ್ಣ

ಮರೆತಿದ್ದೆ: ಪತ್ರ ಓದಿ ಜೇಬಿಗಿಟ್ಟು ಸುಮ್ಮನಾಗುವವನು ನೀನು. ಅದಕ್ಕೇ ಮುಂದಿನ ಸೋಮವಾರ, ಹದಿನಾರನೇ ತಾರೀಕು, ನಾನೇ ಬರುತ್ತಿದ್ದೇನೆ. ಅಲ್ಲಿನ ಗಂಟಲು ಡಾಕ್ಟರರ ಹತ್ತಿರ ನಿನ್ನ ಹೆಸರು ಬರೆಸಿದ್ದಾಗಿದೆ. ಅತ್ತಿಗೆ ನಿನ್ನ ಆಫೀಸಿಗೂ ಹೇಳಿದ್ದಾಳೆ, ಅವತ್ತು ನಿನಗೆ ಲಾರಿ ಕೊಡುವುದಿಲ್ಲ. ಬೆಳಿಗ್ಗೆ ಲಾರಿ ನಿಲ್ದಾಣದ ಗೇಟಿನ ಹತ್ತಿರ ನಿಂತಿರುತ್ತೇನೆ. ಆ ಹಾರ್ನುಗಳ ನಡುವೆ ನಿನ್ನನ್ನು ಕೂಗಿ ಕರೆಯಲಾರೆ. ನೀನೇ ನೋಡಿಕೊಂಡು ನನ್ನ ಹತ್ತಿರ ಬಾ.